ಸೀತಾಳೆ ದಂಡೆಗೊಂದು ಹಳೆಯ ಮರ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಕೃಷಿಯ ಬಗ್ಗೆ ಏನಾದರೂ ಮಾತಾಡಿ ಎಂದು ಸಂಘಟಕರು ಹೇಳಿದ್ದಾರೆ. ಅಡಿಕೆಯ ಧಾರಣೆ, ಎಲೆಚುಕ್ಕಿ ರೋಗ ಇವೆಲ್ಲ ನಿಮಗೆ ದಿನಾ ಇದ್ದದ್ದೇ. ಆದ್ದರಿಂದ ಇವತ್ತು ಒಂದು ಹೂವಿನ ಬಗ್ಗೆ ಹತ್ತು ನಿಮಿಷ ಮಾತಾಡುತ್ತೇನೆ. ಅದರ ಹೆಸರು ಸೀತಾಳೆ ದಂಡೆ.

ಪತ್ತನಾಜೆಯ ಆಸುಪಾಸಿನಲ್ಲಿ, ಕೋಲ-ಆಟಗಳು ಮುಗಿದು ಮಳೆ ಹಿಡಿಯುವ ಹೊತ್ತಿಗೆ ಈ ಹೂ ಅರಳುತ್ತದೆ. ಹಳೆಯ ಮಾವು, ಹಲಸುಗಳ ಕೊಂಬೆಯಿಂದ ಒಂದು ಮೊಳ ಉದ್ದದ ಗೊಂಚಲು ಕೆಳಮುಖವಾಗಿ ಇಳಿಬೀಳುತ್ತದೆ. ಚೆನ್ನಾಗಿ ಬೆಳೆದ ಗೊಂಚಲಿನಲ್ಲಿ ನೂರಕ್ಕೂ ಹೆಚ್ಚು ಹೂಗಳು. ಬಿಳಿ ಎಸಳಿನ ಮೇಲೆ ನಸುನೇರಳೆ ಚುಕ್ಕೆ. ವನವಾಸದಲ್ಲಿ ಸೀತೆ ಮುಡಿದ ದಂಡೆ ಎಂದು ಹಿರಿಯರು ಹೇಳುತ್ತಿದ್ದರು. ಅಸ್ಸಾಮಿನಲ್ಲಿ ಇದೇ ಹೂವಿಗೆ ಕೊಪೌ ಫೂಲ್ ಎನ್ನುತ್ತಾರೆ. ಬಿಹು ಕುಣಿತದ ಹೆಣ್ಣುಮಕ್ಕಳು ಇದನ್ನು ತುರುಬಿಗೆ ಮುಡಿಯುತ್ತಾರೆ. ಅದು ಆ ರಾಜ್ಯದ ರಾಜ್ಯಪುಷ್ಪ ಕೂಡ.

ಸಸ್ಯಶಾಸ್ತ್ರದಲ್ಲಿ ಇದು ರಿಂಕೋಸ್ಟೈಲಿಸ್ ರೆಟುಸಾ ಎಂಬ ಆರ್ಕಿಡ್. ಆದರೆ ಅದಕ್ಕಿಂತ ಹಳೆಯ ಹೆಸರೊಂದು ಪುಸ್ತಕದಲ್ಲಿ ದಾಖಲಾಗಿದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಸ್ಥಳೀಯ ವೈದ್ಯರ ನೆರವಿನಿಂದ ಬರೆಸಿದ 12 ಸಂಪುಟಗಳ 'ಹೋರ್ಟಸ್ ಮಲಬಾರಿಕಸ್' 1678ರಿಂದ ಪ್ರಕಟವಾಗತೊಡಗಿತು. ಅದರಲ್ಲಿ ಈ ಗಿಡದ ಹೆಸರು 'ಆಂಜಿಲಿ ಮರವಾರ'. ಆಂಜಿಲಿ ಎಂದರೆ ನಮ್ಮ ಹೆಬ್ಬಲಸು, ಪೆಜಕಾಯಿಯ ಮರ. ಗಿಡದ ಹೆಸರಿನೊಳಗೇ ಅದು ಕೂತ ಮರದ ಹೆಸರೂ ಇದೆ ನೋಡಿ. ಮರವನ್ನು ಬಿಟ್ಟು ಈ ಹೂವಿನ ಮಾತಿಲ್ಲ ಎಂಬುದು ಅಂದಿನವರಿಗೆ ಗೊತ್ತಿತ್ತು.

ನಮ್ಮಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಮರದ ಮೇಲೆ ಬೇರೆ ಗಿಡ ಕಂಡರೆ ಸಾಕು, ಬಂದಣಿಕೆ ಎಂದು ಕತ್ತಿ ಹಾಕುತ್ತೇವೆ. ಬಂದಣಿಕೆ ಮರದ ಒಳಕ್ಕೆ ಬೇರು ತೂರಿಸಿ ರಸ ಹೀರುತ್ತದೆ, ಅದನ್ನು ಕಡಿಯಲೇಬೇಕು. ಸೀತಾಳೆ ಹಾಗಲ್ಲ. ಅದು ತೊಗಟೆಯನ್ನು ಹಿಡಿದುಕೊಂಡು ಕೂರುತ್ತದೆ ಅಷ್ಟೆ. ಮಳೆನೀರು, ಇಬ್ಬನಿ, ತೊಗಟೆಯ ಮೇಲೆ ಕೊಳೆತ ಕಸ ಇವೇ ಅದರ ಊಟ. ಮರಕ್ಕೆ ಅದು ಬಾಡಿಗೆ ಕೊಡದ ಒಕ್ಕಲು ಇರಬಹುದು, ಕಳ್ಳನಂತೂ ಅಲ್ಲ.

ಇದು ಬೀಜದಿಂದ ಹುಟ್ಟುವುದು ಬಹಳ ಕಷ್ಟ. ಒಂದು ಕಾಯಿಯಲ್ಲಿ ಸಾವಿರಗಟ್ಟಲೆ ಬೀಜಗಳಿದ್ದರೂ ಅವು ಧೂಳಿನಷ್ಟು ಸಣ್ಣವು. ಮೊಳಕೆಗೆ ಬೇಕಾದ ಬುತ್ತಿ ಅವುಗಳಲ್ಲಿ ಇರುವುದಿಲ್ಲ. ತೊಗಟೆಯಲ್ಲಿ ಒಂದು ಜಾತಿಯ ಶಿಲೀಂಧ್ರ ಸಿಕ್ಕಿ, ಅದು ಆಹಾರ ಕೊಟ್ಟರೆ ಮಾತ್ರ ಬೀಜ ಮೊಳೆಯುತ್ತದೆ. ಆಮೇಲೆ ಹೂ ಬಿಡಲು ಹಲವು ವರ್ಷ. ಪ್ರಯೋಗಾಲಯದ ಸೀಸೆಯಲ್ಲಿ ಸಕ್ಕರೆ ಬೆರೆಸಿದ ಆಹಾರದ ಮೇಲೆ ಆರ್ಕಿಡ್ ಬೀಜ ಮೊಳೆಸುವ ದಾರಿಯನ್ನು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟರು. ಊರಲ್ಲಿ ಆ ಸೀಸೆಯ ಕೆಲಸವನ್ನು ಮಾಡುವುದು ಒರಟು ತೊಗಟೆಯ ಹಳೆಯ ಮರ.

ಆ ಮರಗಳೇ ಈಗ ಹೋಗುತ್ತಿವೆ. ಬಿ.ಸಿ.ರೋಡಿನಿಂದ ಬೆಳ್ತಂಗಡಿ ಕಡೆಗೆ, ಮಂಗಳೂರಿನಿಂದ ಮೂಡುಬಿದಿರೆ ಕಡೆಗೆ ರಸ್ತೆ ಅಗಲವಾಯಿತು. ರಸ್ತೆ ನಮಗೆ ಬೇಕು, ನಾನೂ ಅದರಲ್ಲೇ ಬಂದೆ. ಆದರೆ ಮರ ಉರುಳಿದಾಗ ಅದರ ಮೇಲಿನ ಗಿಡಗಳು ಸೌದೆಯ ಜೊತೆ ಲಾರಿ ಹತ್ತುತ್ತವೆ, ಇಲ್ಲವೇ ಬಿಸಿಲಿಗೆ ಒಣಗುತ್ತವೆ. ಅವುಗಳನ್ನು ಉಳಿಸಬಹುದು. ನನ್ನ ಅಂಗಳದ ಹಲಸಿನಲ್ಲಿ ಇರುವ ಸೀತಾಳೆ ಗಿಡಗಳೆಲ್ಲ ಬಿದ್ದ ಮರಗಳಿಂದ, ಆಯಾ ಜಾಗದವರನ್ನು ಕೇಳಿ ತಂದವು.

ಕಟ್ಟುವ ಕ್ರಮ ಸುಲಭ. ಮಳೆಗಾಲದ ಆರಂಭ ಒಳ್ಳೆಯ ಸಮಯ. ಬೇರು ಮುರಿಯದಂತೆ, ಸಾಧ್ಯವಾದರೆ ತೊಗಟೆಯ ಚಕ್ಕೆ ಸಮೇತ ಬಿಡಿಸಿ. ಕೊಳೆತ ಬೇರು ತೆಗೆಯಿರಿ. ಎಳೆಬಿಸಿಲು ಬೀಳುವ ಒರಟು ಕಾಂಡಕ್ಕೆ, ಕೈಗೆಟಕುವ ಎತ್ತರದಲ್ಲಿ ಬಾಳೆನಾರಿನಿಂದಲೋ ಹತ್ತಿಬಟ್ಟೆಯಿಂದಲೋ ಅಲುಗಾಡದಂತೆ ಕಟ್ಟಿ. ಹೊಸ ಬೇರು ಅಂಟುವ ಹೊತ್ತಿಗೆ ಕಟ್ಟು ತಾನೇ ಕೊಳೆತು ಬೀಳುತ್ತದೆ. ಮಣ್ಣು ಬೇಡ, ಸೆಗಣಿ ಬೇಡ. ಕುಂಡವೇ ಬೇಕೆಂದರೆ ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆ ಸಾಕು. ನಮ್ಮ ಅಡಿಕೆ ಮರಕ್ಕೆ ಕಟ್ಟಬೇಡಿ, ಬೋರ್ಡೋ ದ್ರಾವಣದ ತಾಮ್ರ ಅನೇಕ ಆರ್ಕಿಡ್‌ಗಳಿಗೆ ಒಗ್ಗುವುದಿಲ್ಲ.

ನೀರು ಯಾವಾಗ ಕೊಡಬೇಕೆಂದು ಬೇರೇ ಹೇಳುತ್ತದೆ. ಒಣಗಿದಾಗ ಬೇರು ಬೆಳ್ಳಿಯ ಬಣ್ಣ, ನೀರು ಕುಡಿದಾಗ ಹಸಿರು. ಬೇಸಗೆಯಲ್ಲಿ ಬೆಳಿಗ್ಗೆ ಸ್ವಲ್ಪ ಚಿಮುಕಿಸಿದರೆ ಸಾಕು. ಮೊದಲ ವರ್ಷ ಹೂ ನಿರೀಕ್ಷಿಸಬೇಡಿ. ಬೇರೂರಿದ ಮೇಲೆ ಅದು ಪ್ರತಿ ವರ್ಷ ಪತ್ತನಾಜೆಗೆ ತಪ್ಪದೆ ನೆನಪು ಮಾಡುತ್ತದೆ.

ಕಾಡಿನಿಂದ ಮಾತ್ರ ಕಿತ್ತು ತರಬೇಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚು ನಮ್ಮ ಬೆಳ್ತಂಗಡಿಯಲ್ಲೇ ಇದೆ. ಅಲ್ಲಿಯದು ಅಲ್ಲಿಯೇ ಇರಲಿ, ಕೀಳುವುದು ಕಾನೂನಿಗೂ ವಿರುದ್ಧ. ಸಂತೆಯಲ್ಲಿ ಯಾರಾದರೂ ಕಾಡಿನ ಗಿಡ ಮಾರಿದರೆ ಕೊಳ್ಳಬೇಡಿ.

ಕೊನೆಗೆ ಶಾಲೆಯ ಮಾತು. ಮೊದಲ ತಂಡದವರು ನೆಟ್ಟ ಮಾವು, ಹಲಸುಗಳಿಗೆ ಈಗ ಶಾಲೆಯಷ್ಟೇ ವಯಸ್ಸು. ಅವುಗಳ ತೊಗಟೆ ಒರಟಾಗಿದೆ, ಬಿರುಕು ಬಿಟ್ಟಿದೆ, ಪಾಚಿ ಹಿಡಿದಿದೆ. ಸೀತಾಳೆಗೆ ಬೇಕಾದದ್ದು ಅದೇ. ಐವತ್ತು ವರ್ಷದ ತೊಗಟೆಯನ್ನು ಯಾವ ನರ್ಸರಿಯಲ್ಲೂ ದುಡ್ಡು ಕೊಟ್ಟು ತರಲು ಆಗದು. ಮಹೋತ್ಸವದ ನೆನಪಿಗೆ ಹೊಸ ಕಟ್ಟಡ ಬರಲಿ, ಸಂತೋಷ. ಆದರೆ ಅದರ ನಕ್ಷೆ ಬರೆಯುವಾಗ ಈ ಮರಗಳನ್ನು ಉಳಿಸಿಕೊಂಡು ಬರೆಯಿರಿ ಎಂದು ಶಾಲಾಭಿವೃದ್ಧಿ ಸಮಿತಿಯವರಲ್ಲಿ ಕೈಮುಗಿದು ಕೇಳುತ್ತೇನೆ. ಊರಲ್ಲಿ ಮರ ಬಿದ್ದರೆ ಮಕ್ಕಳ ಇಕೋ ಕ್ಲಬ್‌ಗೆ ಒಂದು ಮಾತು ತಿಳಿಸಿ. ಈ ಮಳೆಗಾಲಕ್ಕೆ ಐದು ಗಿಡ ಕಟ್ಟಿಕೊಡುವ ಕೆಲಸ ನನ್ನದು, ಬೇಸಗೆಯಲ್ಲಿ ನೀರು ಚಿಮುಕಿಸುವುದು ಮಕ್ಕಳದ್ದು.