ಬಾನುಲಿಯ ಪಾದ್ರಿ

ನಮ್ಮ ಅಲಂಕಾರಶಾಸ್ತ್ರದಲ್ಲಿ ‘ಕಾಕು’ ಎಂಬುದೊಂದುಂಟು. ಮಾತು ಅದೇ, ದನಿಯ ಏರಿಳಿತದಿಂದ ಅರ್ಥವೇ ಬೇರೆಯಾಗುತ್ತದೆ. ತರಗತಿಯಲ್ಲಿ ಇದನ್ನು ವಿವರಿಸುವಾಗಲೆಲ್ಲ ನನಗೆ ಅಮೆರಿಕದ ಪಾದ್ರಿ ಚಾರ್ಲ್ಸ್ ಕಾಗ್ಲಿನ್ ನೆನಪಾಗುತ್ತಾರೆ.

1926ರಲ್ಲಿ ಡೆಟ್ರಾಯಿಟ್ ನಗರದ ಬಳಿ ರಾಯಲ್ ಓಕ್ ಎಂಬಲ್ಲಿ ಅವರದೊಂದು ಹೊಸ ಇಗರ್ಜಿ. ಭಕ್ತರು ಕೆಲವೇ ಮನೆಯವರು. ಸಾಲ ಮಾತ್ರ ಬೇಕಾದಷ್ಟು. ಆ ವರ್ಷ ಅಕ್ಟೋಬರಿನಲ್ಲಿ ಅವರು ಬಾನುಲಿಯಲ್ಲಿ ಪ್ರವಚನ ಆರಂಭಿಸಿದರು. ಮೊದಮೊದಲು ಧರ್ಮದ ಮಾತು, ಮಕ್ಕಳಿಗೆ ಬೋಧೆ, ಅಷ್ಟೆ. 1929ರ ಬಳಿಕ ಕಾರ್ಖಾನೆಗಳು ಮುಚ್ಚಿ ಜನ ಬೀದಿಗೆ ಬಿದ್ದಾಗ ಪಾದ್ರಿಯ ಮಾತು ಬ್ಯಾಂಕುಗಳ ಕಡೆಗೆ ತಿರುಗಿತು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತವನಿಗೆ ತನ್ನ ಹೆಸರು ಹಿಡಿದೇ ಯಾರೋ ಮಾತಾಡಿಸಿದಂತಾಗಿರಬೇಕು. 1931ರಲ್ಲಿ ದೊಡ್ಡ ಬಾನುಲಿ ಸಂಸ್ಥೆಯೊಂದು ಅವರನ್ನು ಕೈಬಿಟ್ಟಿತು. ಅವರು ಹೆದರಲಿಲ್ಲ, ಕೇಳುಗರು ಕಳಿಸಿದ ಕಾಣಿಕೆಯಿಂದಲೇ ಊರೂರಿನ ನಿಲಯಗಳಲ್ಲಿ ಸಮಯ ಕೊಂಡರು. ಕೋಟಿಗಟ್ಟಲೆ ಜನ ಕೇಳುತ್ತಿದ್ದರೆಂದು ಅಂದಾಜು.

1932ರಲ್ಲಿ ರೂಸ್‌ವೆಲ್ಟರನ್ನು ಹೊಗಳಿದ ಅದೇ ದನಿ ಕೆಲವೇ ವರ್ಷಗಳಲ್ಲಿ ಅವರನ್ನು ತೆಗಳಿತು. ಬೆಳ್ಳಿಯ ಬೆಲೆ ಏರಿಸಬೇಕೆಂದು ಪಾದ್ರಿ ವಾದಿಸುತ್ತಿದ್ದಾಗ, ಅವರ ಕಾರ್ಯದರ್ಶಿಯ ಹೆಸರಿನಲ್ಲಿಯೇ 5 ಲಕ್ಷ ಔನ್ಸ್ ಬೆಳ್ಳಿಯ ಮುಂಗಡ ಖರೀದಿಯಿತ್ತೆಂದು 1934ರಲ್ಲಿ ಸರ್ಕಾರ ಹೊರಗೆಡವಿತು. ಆದರೂ ಕೇಳುಗರು ಕದಲಲಿಲ್ಲ! 1935ರ ಜನವರಿಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಸೇರಬೇಕೆ ಎಂಬ ಪ್ರಶ್ನೆ ಸೆನೆಟ್ಟಿಗೆ ಬಂದಿತ್ತು. ಭಾನುವಾರ ಪಾದ್ರಿ ‘ಬೇಡವೆಂದು ತಂತಿ ಕಳಿಸಿ’ ಎಂದರು. ತಂತಿಗಳು ಮಳೆಯಂತೆ ಸುರಿದವು. ಮಂಗಳವಾರ 52 ಮತ ಪರವಾಗಿ, 36 ವಿರುದ್ಧವಾಗಿ ಬಿದ್ದವು. ಮೂರರಲ್ಲಿ ಎರಡು ಪಾಲು ಸಿಗದೆ ಠರಾವು ಸೋತಿತು.

ಮತದ ಪೆಟ್ಟಿಗೆ ಮಾತ್ರ ಬೇರೆ ಮಾತಾಡಿತು. 1936ರ ಚುನಾವಣೆಯಲ್ಲಿ ಅವರು ನಿಲ್ಲಿಸಿದ ಪಕ್ಷಕ್ಕೆ 9 ಲಕ್ಷ ಮತಗಳೂ ಬರಲಿಲ್ಲ. ಅಲ್ಲಿಂದ ಮಾತು ಕಹಿಯಾಯಿತು. 1938ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಯೆಹೂದ್ಯರ ಅಂಗಡಿ, ಮಂದಿರಗಳನ್ನು ನಾಜಿಗಳು ಸುಟ್ಟು ಒಡೆದರು. ಹತ್ತು ದಿನಗಳಲ್ಲೇ ಪಾದ್ರಿ ಮೈಕಿನ ಮುಂದೆ ನಿಂತು, ಇದು ಕಮ್ಯುನಿಸಮ್ಮಿಗೆ ಪ್ರತಿಕ್ರಿಯೆಯೆಂದು ಹೇಳಿ, ತಪ್ಪನ್ನು ಪೆಟ್ಟು ತಿಂದವರ ತಲೆಗೇ ಕಟ್ಟಿದರು. ಮಕ್ಕಳಿಗೆ ದೇವರ ಮಾತು ಹೇಳಿದ ದನಿಯೇ ಅದು, ಕೇಳುಗರೇ. ನ್ಯೂಯಾರ್ಕಿನ ನಿಲಯವೊಂದು ಅವರ ಮುಂದಿನ ಭಾಷಣವನ್ನು ಬಿತ್ತರಿಸಲು ಒಪ್ಪಲಿಲ್ಲ. ಬೇರೆ ಎಷ್ಟೋ ನಿಲಯಗಳು ಒಪ್ಪಿದವು.

1940ರಲ್ಲಿ ಬಾನುಲಿ ಅವರಿಗೆ ಮುಚ್ಚಿತು. 1942ರಲ್ಲಿ ಪತ್ರಿಕೆಯೂ ನಿಂತಿತು, ಬಿಷಪ್ಪರ ಅಪ್ಪಣೆಯಾಯಿತು. 1966ರವರೆಗೆ ಅದೇ ಇಗರ್ಜಿಯಲ್ಲಿ ಪೂಜೆ ನಡೆಸಿಕೊಂಡಿದ್ದು, 1979ರಲ್ಲಿ ತೀರಿಕೊಂಡರು.