ಬರೆದಾಯಿತು ಎಂಬ ಮಾತು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಾಧನೆಯ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ಅದು ನನಗೆ ಬರುವುದಿಲ್ಲ. ನನ್ನ ದಿನದ ಕೆಲಸಕ್ಕೆ ಸೇರಿದ ಒಂದೇ ಒಂದು ವಿಷಯ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಏನನ್ನಾದರೂ ಸೇವ್ ಮಾಡಿದಾಗ ಅದು ‘ಬರೆದಾಯಿತು’ ಎನ್ನುತ್ತದಲ್ಲ, ಆಗ ನಿಜವಾಗಿ ಎಲ್ಲಿ ಬರೆದಾಗಿರುತ್ತದೆ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಪೆಟ್ಟು ತಿಂದ ಮೇಲೆ. ಡಿಗ್ರಿಯ ಕೊನೆಯ ವರ್ಷ ನನ್ನ ಪ್ರಾಜೆಕ್ಟ್ ವರದಿಯನ್ನು ಗೆಳೆಯನೊಬ್ಬನ ಲಿನಕ್ಸ್ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದೆ. ಪೆನ್‌ಡ್ರೈವ್ ಚುಚ್ಚಿ, ಕಾಪಿ ಅಲ್ಲ, ಮೂವ್ ಕೊಟ್ಟೆ. ಪಟ್ಟಿ ಕೊನೆ ಮುಟ್ಟಿತು. ಕಿತ್ತುಕೊಂಡು ಓಡಿದೆ. ಪ್ರಿಂಟ್ ಅಂಗಡಿಯಲ್ಲಿ ನೋಡಿದರೆ ಕಡತದ ಹೆಸರಿದೆ, ಒಳಗೆ ಏನೂ ಇಲ್ಲ. ಮೂವ್ ಮಾಡಿದ್ದರಿಂದ ಅಲ್ಲಿಯ ಮೂಲವೂ ಅಳಿಸಿಹೋಗಿತ್ತು. ಎರಡು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆ. ತಪ್ಪು ನನ್ನದೇ. ಆದರೆ ಕಂಪ್ಯೂಟರ್ ‘ಆಯಿತು’ ಎಂದಿತ್ತಲ್ಲ ಎಂಬ ಸಿಟ್ಟು ಬಹಳ ದಿನ ಉಳಿಯಿತು.

ಅದು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಅಂಥದೊಂದು ಕರ್ನೆಲ್. ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದೇ. ಮೆಮೊರಿಯಲ್ಲಿ ಒಂದು ಅಂಶ ಮುಟ್ಟಲು ಸುಮಾರು ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಜಾಗ ಹುಡುಕಿ ಬರೆಯಲು ಸುಮಾರು ನೂರರಲ್ಲೊಂದು ಭಾಗ ಬೇಕು. ಒಂದು ಲಕ್ಷ ಪಟ್ಟು ವ್ಯತ್ಯಾಸ. ಈಗಿನ ಎಸ್‌ಎಸ್‌ಡಿಗಳಲ್ಲಿ ಅಂತರ ಕಡಿಮೆಯಾಗಿದೆ, ಹೋಗಿಲ್ಲ. ಪ್ರತಿ ಅಕ್ಷರಕ್ಕೂ ಡಿಸ್ಕಿಗಾಗಿ ಕಾಯುತ್ತಾ ಕೂತರೆ ಯಾವ ಕೆಲಸವೂ ಸಾಗುವುದಿಲ್ಲ.

ನಮ್ಮ ಮೇಷ್ಟ್ರುಗಳು ಇದಕ್ಕೆ ಕಂಡುಕೊಂಡ ಉಪಾಯ ನೆನಪಿದೆಯೇ? ಕಿರುಪರೀಕ್ಷೆಯ ಅಂಕಗಳನ್ನು ಮೊದಲು ಕೈಯಲ್ಲಿನ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಆಫೀಸಿನ ದೊಡ್ಡ ರಿಜಿಸ್ಟರಿಗೆ ಗುಮಾಸ್ತರು ಆಮೇಲೆ ಒಟ್ಟಿಗೆ ಇಳಿಸುತ್ತಿದ್ದರು. ಕರ್ನೆಲ್ ಮಾಡುವುದೂ ಇದನ್ನೇ. ನೀವು ಬರೆದದ್ದನ್ನು ಮೆಮೊರಿಯ ಪುಟಗಳಿಗೆ ನಕಲು ಮಾಡಿಕೊಂಡು, ಆ ಪುಟಕ್ಕೆ ‘ಡರ್ಟಿ’ ಎಂದು ಗುರುತು ಹಾಕಿ, ‘ಆಯಿತು’ ಎಂದುಬಿಡುತ್ತದೆ. ಡರ್ಟಿ ಎಂದರೆ ಇಲ್ಲಿ ಕೊಳಕು ಅಂತಲ್ಲ ಮಕ್ಕಳೇ, ಇನ್ನೂ ರಿಜಿಸ್ಟರಿಗೆ ಏರಿಲ್ಲ ಅಂತ. ಸಾಮಾನ್ಯ ಲಿನಕ್ಸಿನಲ್ಲಿ ಗುಮಾಸ್ತನಂಥ ಒಂದು ಎಳೆ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಡರ್ಟಿ ಪುಟಗಳನ್ನು ಡಿಸ್ಕಿಗೆ ಇಳಿಸುತ್ತದೆ. ಅಷ್ಟರೊಳಗೆ ನೀವು ಅದೇ ಸಾಲನ್ನು ಹತ್ತು ಸಲ ತಿದ್ದಿದರೂ ಡಿಸ್ಕಿಗೆ ಹೋಗುವುದು ಒಂದೇ ಸಲ. ಲಾಭ ದೊಡ್ಡದು. ನನ್ನ ವರದಿ ಕಳೆದುಹೋದದ್ದೂ ಈ ಬಿಡುವಿನಲ್ಲೇ.

ಹೀಗಿದ್ದರೂ ಈ ಬರಹ ಸಾಕಷ್ಟು ವೇಗವಾಗಿಲ್ಲ ಎಂದು ಜನ ಇಂದಿಗೂ ಅದನ್ನು ತಿದ್ದುತ್ತಲೇ ಇದ್ದಾರೆ. ಅದರಲ್ಲಿ ನನಗೆ ಬಹಳ ಇಷ್ಟವಾದ ತಿದ್ದುಪಡಿಯೊಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಟನೆಯ ತರಗತಿಯ ಗುಣಾಕಾರ, ಭಾಗಾಕಾರ ಬಂದರೆ ಸಾಕು.

ನಮ್ಮ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಮೆಮೊರಿಯ ಒಂದು ಪುಟವೆಂದರೆ 4 ಕಿಲೋಬೈಟ್. ಆದರೆ ಐಬಿಎಂನ ಪವರ್ ಜಾತಿಯ ದೊಡ್ಡ ಯಂತ್ರಗಳಲ್ಲಿ ಅದು 64 ಕಿಲೋಬೈಟ್ ಇರುತ್ತದೆ. ಡಿಸ್ಕಿನ ಮೇಲೆ ಕಡತಗಳನ್ನು ಜೋಡಿಸಿಡುವ ಎಕ್ಸ್‌ಎಫ್‌ಎಸ್ ಎಂಬ ವ್ಯವಸ್ಥೆ ಆ ಯಂತ್ರದಲ್ಲೂ 4 ಕಿಲೋಬೈಟಿನ ತುಂಡುಗಳಲ್ಲೇ ಲೆಕ್ಕ ಇಟ್ಟಿತ್ತು ಎನ್ನಿ. ಡೇಟಾಬೇಸ್ ಒಂದು ತುಂಡನ್ನು ಮಾತ್ರ ತಿದ್ದುತ್ತದೆ. ಕರ್ನೆಲ್ ಇಡೀ ಪುಟಕ್ಕೆ ಒಂದೇ ಡರ್ಟಿ ಗುರುತು ಹಾಕುತ್ತದೆ. ಗುಮಾಸ್ತನಿಗೆ ಗೊತ್ತಿರುವುದು ‘ಈ ಹಾಳೆ ಬದಲಾಗಿದೆ’ ಎಂದಷ್ಟೇ, ಯಾವ ಸಾಲು ಎಂದು ಗೊತ್ತಿಲ್ಲ. ಪಾಪ, ಇಡೀ ಹಾಳೆಯನ್ನು ಮತ್ತೆ ನಕಲು ಮಾಡುತ್ತಾನೆ. 64ನ್ನು 4ರಿಂದ ಭಾಗಿಸಿ. 16. ಒಂದು ತುಂಡು ತಿದ್ದಿದ್ದಕ್ಕೆ ಹದಿನಾರು ತುಂಡು ಬರೆದಂತಾಯಿತು.

2023ರಲ್ಲಿ ಬಂದ ಲಿನಕ್ಸ್ 6.6ನೆಯ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಪುಟದೊಳಗಿನ ಒಂದೊಂದು ತುಂಡಿಗೂ ಒಂದೊಂದು ಬಿಟ್ ಗುರುತು. ಹದಿನಾರು ತುಂಡಿಗೆ ಹದಿನಾರು ಬಿಟ್, ಅಂದರೆ ಎರಡು ಬೈಟ್. ಒಂದು ಕನ್ನಡ ಅಕ್ಷರ ಇಡಲು ಯೂನಿಕೋಡಿನ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಅದಕ್ಕಿಂತ ಕಡಿಮೆ! ತಿದ್ದುಪಡಿ ಕಳಿಸಿದವರು ಪವರ್ ಯಂತ್ರದ ಮೇಲೆ, ಚದುರಿದ ಜಾಗಗಳಲ್ಲಿ ಸಣ್ಣಸಣ್ಣದಾಗಿ ಬರೆದು ಪರೀಕ್ಷಿಸಿ ಕೊಟ್ಟ ಲೆಕ್ಕ ಇದು: ಮೊದಲು ಸೆಕೆಂಡಿಗೆ ಸುಮಾರು 28 ಮೆಗಾಬೈಟ್, ಆಮೇಲೆ ಸುಮಾರು 452. ಮಕ್ಕಳೇ, 28ನ್ನು 16ರಿಂದ ಗುಣಿಸಿ. 448. ಕಾಗದದ ಮೇಲೆ ಹಾಕಿದ ಲೆಕ್ಕ ಯಂತ್ರದಲ್ಲಿ ಇಷ್ಟು ಹತ್ತಿರಕ್ಕೆ ಬರುವುದು ನಮ್ಮ ವೃತ್ತಿಯಲ್ಲಿ ತೀರ ಅಪರೂಪ. ಗಣಿತದ ಮೇಷ್ಟ್ರು ಇಲ್ಲೇ ಕೂತಿದ್ದಾರೆ, ಅವರಿಗೆ ಖುಷಿಯಾಗಿರಬೇಕು.

ಇನ್ನೊಂದು ಮಾತು. ಕರ್ನೆಲ್ಲಿನ ಹಳೆಯ ವಿಧಾನದಲ್ಲಿ ತುಂಡಿಗೊಂದು ಗುರುತು ಇದ್ದೇ ಇತ್ತು. ಅದು ಭಾರ ಎಂದು ಹಗುರವಾದ ಹೊಸ ವಿಧಾನ ತಂದಾಗ ಆ ಗುರುತು ಬಿಟ್ಟುಹೋಗಿತ್ತು. 4 ಕಿಲೋಬೈಟಿನ ಪುಟದಲ್ಲಿ ಒಂದೇ ತುಂಡು ಇರುವುದರಿಂದ ನಮ್ಮ ಲ್ಯಾಪ್‌ಟಾಪುಗಳಲ್ಲಿ ಯಾರಿಗೂ ನೋವಾಗಲಿಲ್ಲ. ಈಗ ಕರ್ನೆಲ್ ಎಲ್ಲ ಕಡೆಯೂ ಪುಟಗಳನ್ನು ಕಟ್ಟುಕಟ್ಟಾಗಿ ಹಿಡಿಯಲು ಕಲಿಯುತ್ತಿದೆ. ಫೋಲಿಯೊ ಎನ್ನುವ ಈ ಏರ್ಪಾಡು 2022ರ ಜನವರಿಯಲ್ಲಿ 5.16ನೆಯ ಆವೃತ್ತಿಯೊಂದಿಗೆ ಬಂತು. ಕಟ್ಟು ದೊಡ್ಡದಾದಷ್ಟೂ ಬೀಗ ತೆಗೆದು ಹಾಕುವ, ಲೆಕ್ಕ ಬರೆಯುವ ಕೆಲಸ ಕಡಿಮೆ. ಆದರೆ ಕಟ್ಟು ದೊಡ್ಡದಾದರೆ ಅದೇ ಹದಿನಾರರ ತೊಂದರೆ ಸಾಮಾನ್ಯ ಯಂತ್ರಕ್ಕೂ ಬರುತ್ತದೆ. ಹಾಗಾಗಿ ಆ ಎರಡು ಬೈಟು ದೊಡ್ಡ ಯಂತ್ರದವರಿಗಷ್ಟೇ ಬೇಕಾದದ್ದಲ್ಲ.

ವೇಗ ಹೆಚ್ಚಿತು ಸರಿ, ಮಾತು ಉಳಿಯಿತೇ? ಕರ್ನೆಲ್ಲಿಗೆ ‘ಎಫ್‌ಸಿಂಕ್’ ಎಂಬ ಒಂದು ಕರೆ ಇದೆ. ‘ನೋಟ್‌ಬುಕ್ಕಿನ ಮಾತು ಬೇಡ, ರಿಜಿಸ್ಟರಿಗೆ ಏರಿಸಿ ಆಮೇಲೆ ಹೇಳು’ ಎಂದು ಅದರ ಅರ್ಥ. ಹಣಕಾಸಿನ ಲೆಕ್ಕ ಇಡುವ ಡೇಟಾಬೇಸುಗಳು ನಂಬಿರುವುದು ಇದನ್ನೇ. 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕಟ್ಟುವವರಿಗೆ ಒಂದು ಸಂಗತಿ ತಿಳಿದು ಗಾಬರಿಯಾಯಿತು. ಡಿಸ್ಕ್ ಕೆಟ್ಟು ಬರಹ ವಿಫಲವಾದರೆ ಎಫ್‌ಸಿಂಕ್ ಒಮ್ಮೆ ‘ಆಗಲಿಲ್ಲ’ ಎನ್ನುತ್ತಿತ್ತು. ಆದರೆ ಕರ್ನೆಲ್ ಅಷ್ಟರಲ್ಲೇ ಆ ಪುಟದ ಡರ್ಟಿ ಗುರುತು ಅಳಿಸಿಬಿಟ್ಟಿರುತ್ತಿತ್ತು. ಡೇಟಾಬೇಸ್ ಇನ್ನೊಮ್ಮೆ ಕೇಳಿದರೆ, ಇಳಿಸಬೇಕಾದ್ದು ಏನೂ ಕಾಣದೆ, ‘ಆಯಿತು’ ಎನ್ನುತ್ತಿತ್ತು. ಎರಡನೆಯ ಸಲದ ಆ ಉತ್ತರವನ್ನು ಅವರು ವರ್ಷಗಟ್ಟಲೆ ನಂಬಿದ್ದರು. ಕೊನೆಗೆ 2019ರ ಫೆಬ್ರವರಿಯಲ್ಲಿ ಪೋಸ್ಟ್‌ಗ್ರೆಸ್ ತನ್ನ ನಡವಳಿಕೆಯನ್ನೇ ಬದಲಿಸಿತು. ಒಮ್ಮೆ ‘ಆಗಲಿಲ್ಲ’ ಎಂದರೆ ಎರಡನೆಯ ಸಲ ಕೇಳುವುದಿಲ್ಲ. ಕೆಲಸ ನಿಲ್ಲಿಸಿ, ತಾನು ಬೇರೆ ಇಟ್ಟುಕೊಂಡ ದಿನಚರಿಯಿಂದ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳುತ್ತದೆ. ನನ್ನ ಮಟ್ಟಿಗೆ ಆ ಹದಿನಾರು ಪಟ್ಟು ವೇಗಕ್ಕಿಂತ ಈ ಗಾಬರಿ ದೊಡ್ಡ ವಿಷಯ. ನಿಧಾನವಾದರೆ ಕಣ್ಣಿಗೆ ಕಾಣುತ್ತದೆ. ಸುಳ್ಳು ‘ಆಯಿತು’ ಕಾಣುವುದಿಲ್ಲ.

ಲಿನಕ್ಸ್ ಇರುವ ಯಂತ್ರ ಸಿಕ್ಕರೆ ನೀವೇ ನೋಡಬಹುದು. ‘ಪ್ರಾಕ್’ ಎಂಬ ಫೋಲ್ಡರಿನಲ್ಲಿ ‘ಮೆಮ್‌ಇನ್ಫೊ’ ಎಂಬ ಕಡತವಿದೆ. ತೆರೆದರೆ ‘ಡರ್ಟಿ’ ಎಂಬ ಸಾಲು, ಅದರ ಮುಂದೆ ಒಂದು ಸಂಖ್ಯೆ. ಪೆನ್‌ಡ್ರೈವಿಗೆ ಒಂದು ದೊಡ್ಡ ವೀಡಿಯೊ ಕಾಪಿ ಮಾಡುತ್ತಾ ಆ ಕಡತವನ್ನು ಮತ್ತೆಮತ್ತೆ ತೆರೆದು ನೋಡಿ. ಸಂಖ್ಯೆ ಸರಸರನೆ ಏರುತ್ತದೆ. ಪಟ್ಟಿ ಕೊನೆ ಮುಟ್ಟಿದ ಮೇಲೂ ಅದು ಒಂದಿಷ್ಟು ಹೊತ್ತು ಮೇಲೆಯೇ ಇದ್ದು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ‘ಸಿಂಕ್’ ಎಂಬ ಆಜ್ಞೆ ಕೊಟ್ಟರೆ ಎಲ್ಲ ಇಳಿಯುವವರೆಗೆ ಅದು ಮರಳುವುದಿಲ್ಲ. ಮರಳಿದ ಮೇಲೆ ‘ಇಜೆಕ್ಟ್’ ಒತ್ತಿ ಪೆನ್‌ಡ್ರೈವ್ ಕೀಳಿ.