ಜೀವಕೋಶವು ಒಂದು ಎರಡಾಗುವ ಬಗೆ



ತರಕಾರಿ ಹೆಚ್ಚುವಾಗ ಈಳಿಗೆಮಣೆ ತಾಗಿ ಬೆರಳು ಕೊಯ್ದುಕೊಳ್ಳುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಕೆಲವು ದಿನಗಳಲ್ಲಿ ಆ ಗಾಯವು ಕೂಡಿಕೊಳ್ಳುವುದು. ಗಾಯವು ಮಾಯುವುದು ಎಷ್ಟು ಆಶ್ಚರ್ಯವೋ, ಮಾಯ್ದ ಮೇಲೆ ಹೊಸ ಚರ್ಮದ ಬೆಳವಣಿಗೆಯು ತಕ್ಕ ಮಟ್ಟಿಗೆ ಬಂದು ನಿಲ್ಲುವುದೂ ಅಷ್ಟೇ ಆಶ್ಚರ್ಯ. ಬೆಳೆಯೆಂದು ಹೇಳಿದವರಾರು? ಸಾಕೆಂದು ತಡೆದವರಾರು? ಇದಕ್ಕೆ ಉತ್ತರವು ಜೀವಕೋಶದೊಳಗೆ ಇರುವುದು. ಅದನ್ನೇ ನಾವು ಈ ಹೊತ್ತು ವಿಚಾರಮಾಡೋಣ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ಬೆಂಡಿನ ತೆಳುವಾದ ಹೋಳೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅಲ್ಲಿ ಕಂಡ ಸಣ್ಣ ಸಣ್ಣ ಗೂಡುಗಳಿಗೆ ಕೊಠಡಿಯೆಂಬರ್ಥದ ‘ಸೆಲ್’ ಎಂಬ ಹೆಸರನ್ನಿಟ್ಟನು. ಅವನು ಕಂಡದ್ದು ಜೀವ ಹೋದ ಕೋಶಗಳ ಗೋಡೆಗಳನ್ನು ಮಾತ್ರ. ಸಸ್ಯಗಳೆಲ್ಲ ಕೋಶಗಳಿಂದಾದವೆಂದು 1838ರಲ್ಲಿ ಷ್ಲೈಡನ್ನನೂ, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಷ್ವಾನನೂ ತಿಳಿಸಿದರು. ಆದರೆ ಹೊಸ ಕೋಶವು ಹುಟ್ಟುವುದೆಲ್ಲಿಂದ? ಪಾಕದಲ್ಲಿ ಕಲ್ಲುಸಕ್ಕರೆ ಹರಳುಗಟ್ಟುವಂತೆ ಯಾವುದೋ ರಸದಲ್ಲಿ ಅದು ತಾನಾಗಿ ಮೂಡುವುದೆಂಬ ಭಾವನೆ ಅವರದು. ಅದು ನಿಲ್ಲಲಿಲ್ಲ. ಕೋಶವು ಕೋಶದಿಂದಲೇ ಹುಟ್ಟತಕ್ಕದ್ದೆಂದು ರೆಮಾಕನು 1852ರಲ್ಲಿ ವಾದಿಸಿದನು. ವಿರ್ಖೋ ಎಂಬ ವೈದ್ಯನು 1855ರಲ್ಲಿ ಅದನ್ನೇ ಸೂತ್ರರೂಪವಾಗಿ ಸಾರಿದನು. ಹೀಗೆ ನೋಡಿದರೆ, ನಮ್ಮ ಮೈಯಲ್ಲಿರುವ ಪ್ರತಿಯೊಂದು ಕೋಶವೂ ಎಲ್ಲಿಯೂ ಕಡಿಯದೆ ಬಂದಿರುವ ವಂಶಾವಳಿಯ ಕೊನೆಯ ಕೊಂಡಿಯಾಗಿರುವುದು.

ಕೋಶದ ಒಳಗನ್ನು ಸಂಕ್ಷೇಪವಾಗಿ ನೋಡೋಣ. ಅದರ ಸುತ್ತಲೂ ಬೇಕಾದುದನ್ನು ಒಳಕ್ಕೆ ಬಿಟ್ಟು ಬೇಡವಾದುದನ್ನು ತಡೆಯುವ ತೆಳುಪೊರೆ ಇರುವುದು. ಮೈಟೊಕಾಂಡ್ರಿಯಗಳು ನಾವುಂಡ ಅನ್ನದ ಸಾರವನ್ನು ಪ್ರಾಣವಾಯುವಿನೊಡನೆ ಕೂಡಿಸಿ ಶಕ್ತಿಯನ್ನು ಒದಗಿಸುವುವು. ರೈಬೊಸೋಮುಗಳು ಪ್ರೋಟೀನುಗಳನ್ನು ಹೆಣೆಯುವುವು. ಸವೆದುಹೋದ ಭಾಗಗಳನ್ನು ಲೈಸೊಸೋಮುಗಳು ಜೀರ್ಣಿಸಿಬಿಡುವುವು. ಇವೆಲ್ಲಕ್ಕೂ ಬೇಕಾದ ಬರಹವು ಕೋಶಕೇಂದ್ರದಲ್ಲಿ ಡಿ.ಎನ್.ಎ. ಎಂಬ ಎಳೆಗಳ ರೂಪದಲ್ಲಿರುವುದು. ಮಾನವನ ಒಂದು ಕೋಶದಲ್ಲಿರುವ ಈ ಎಳೆಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾದೀತು. ಅವು 46 ವರ್ಣತಂತುಗಳಾಗಿ ಅಡಕವಾಗಿರುವುವು.

ಕೋಶವು ಎರಡಾಗುವಾಗ ಈ ಬರಹವು ಎರಡು ಮಕ್ಕಳಿಗೂ ಪೂರ್ತಿಯಾಗಿ ಸಲ್ಲಬೇಕಷ್ಟೆ. ಅದನ್ನು ಕಣ್ಣಾರೆ ಕಾಣಲು ಅಡಿಗೆಮನೆಯ ಈರುಳ್ಳಿಯೇ ಸಾಕು. ನೀರು ತುಂಬಿದ ಲೋಟದ ಬಾಯಮೇಲೆ ಈರುಳ್ಳಿಯ ಬುಡ ತಾಗುವಂತೆ ಇಟ್ಟರೆ ಕೆಲವು ದಿನಗಳಲ್ಲಿ ಬಿಳಿಯ ಬೇರುಗಳು ಇಳಿಯುವುವು. ಆ ಬೇರಿನ ತುದಿಯನ್ನು ಸಂಸ್ಕರಿಸಿ, ಬಣ್ಣವೇರಿಸಿ, ಗಾಜಿನ ಮೇಲೆ ಅದುಮಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವಿಭಜನೆಯ ನಾನಾ ಹಂತಗಳು ಕಾಣುವುವು. ಈರುಳ್ಳಿಯ ಕೋಶದಲ್ಲಿ 16 ವರ್ಣತಂತುಗಳು. ವಿಭಜನೆಗೆ ಮುಂಚೆಯೇ ಪ್ರತಿಯೊಂದಕ್ಕೂ ನಕಲು ಸಿದ್ಧವಾಗಿರುವುದು. ಮೊದಲು ಅವು ಸುತ್ತಿಕೊಂಡು ದಪ್ಪನಾಗುವುವು. ಬಳಿಕ ಕೋಶದ ನಡುವೆ ಸಾಲುಗಟ್ಟುವುವು. ಕದಿರಿನ ಆಕಾರದಲ್ಲಿ ಹರಡಿದ ಸೂಕ್ಷ್ಮವಾದ ನೂಲುಗಳು ಅವುಗಳನ್ನು ಹಿಡಿದು, ಪ್ರತಿ ಜೋಡಿಯಲ್ಲಿ ಒಂದನ್ನು ಒಂದು ಕಡೆಗೂ ಇನ್ನೊಂದನ್ನು ಮತ್ತೊಂದು ಕಡೆಗೂ ಸೆಳೆಯುವುವು. ನಡುವೆ ಹೊಸ ಗೋಡೆ ಏಳುವುದು. ಪ್ರಾಣಿಗಳ ಕೋಶವಾದರೆ ನಡುವು ಬಿಗಿದು ಎರಡಾಗುವುದು. ಈ ವ್ಯಾಪಾರವನ್ನು ಜರ್ಮನಿಯ ಫ್ಲೆಮಿಂಗನು 1882ರಲ್ಲಿ ವಿವರವಾಗಿ ಪ್ರಕಟಿಸಿ ‘ಮೈಟೋಸಿಸ್’ ಎಂಬ ಹೆಸರನ್ನು ನೆಲೆಗೊಳಿಸಿದನು.

ಎಲ್ಲ ಕೋಶಗಳೂ ಒಂದೇ ವೇಗದಲ್ಲಿ ವಿಭಜಿಸುವುದಿಲ್ಲ. ಕರುಳಿನ ಒಳಪದರವು ಕೆಲವೇ ದಿನಗಳಲ್ಲಿ ಹೊಸದಾಗುವುದು. ಮೂಳೆಯ ಮಜ್ಜೆಯು ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳನ್ನು ಹುಟ್ಟಿಸುವುದು. ಮಿದುಳಿನ ನರಕೋಶಗಳಾದರೋ ಒಮ್ಮೆ ಬಲಿತ ಮೇಲೆ ಮತ್ತೆ ವಿಭಜಿಸುವುದಿಲ್ಲ. ಎಲ್ಲಿ ಹೆಚ್ಚಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಕೋಶದೊಳಗೆ ಕಾವಲುಗಳುಂಟು. ಡಿ.ಎನ್.ಎ. ಕೆಟ್ಟಿದ್ದರೆ ಒಂದು ಕಾವಲು ವಿಭಜನೆಯನ್ನು ತಡೆಯುವುದು. ಒಂದೇ ಒಂದು ವರ್ಣತಂತು ಕದಿರಿನ ನೂಲಿಗೆ ಸಿಕ್ಕದಿದ್ದರೂ ಇನ್ನೊಂದು ಕಾವಲು ಮಿಕ್ಕವೆಲ್ಲವನ್ನೂ ಕಾಯಿಸುವುದು. ವಿಭಜನೆಯ ಕ್ರಮವನ್ನು ನಡೆಯಿಸುವ ಈ ಯಂತ್ರದ ಮುಖ್ಯಾಂಗಗಳನ್ನು ಕಂಡುಹಿಡಿದುದಕ್ಕಾಗಿ ಹಾರ್ಟ್‌ವೆಲ್, ಹಂಟ್, ನರ್ಸ್ ಎಂಬ ಮೂವರಿಗೆ 2001ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಕಾವಲು ಕೆಟ್ಟರೆ ಗತಿಯೇನು? ಅದೇ ಅರ್ಬುದ, ಅಂದರೆ ಕ್ಯಾನ್ಸರ್. ಅದು ಹೊರಗಿನಿಂದ ಬಂದ ಶತ್ರುವಲ್ಲ. ನಮ್ಮದೇ ಕೋಶವು ಸಾಕೆಂಬ ಮಾತನ್ನು ಕೇಳದಂತಾದುದು. ಮಾನವರ ಅರ್ಬುದಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ-53 ಎಂಬ ಒಂದೇ ಕಾವಲಿನ ಜೀನು ಕೆಟ್ಟಿರುವುದು ಕಂಡುಬಂದಿದೆ.

ಇಲ್ಲಿ ನಮ್ಮ ಹಿತ್ತಿಲ ಗಿಡವೊಂದನ್ನು ನೆನೆಯಬೇಕು. ಮಡಗಾಸ್ಕರಿನಿಂದ ಬಂದು ನಮ್ಮಲ್ಲಿ ನೆಲೆಸಿದ ನಿತ್ಯಪುಷ್ಪವನ್ನು ಕಾಣದವರು ವಿರಳ. ಮಧುಮೇಹಕ್ಕೆ ಮದ್ದೆಂಬ ಮಾತನ್ನು ಪರೀಕ್ಷಿಸಲು ಕೆನಡದ ನೋಬಲ್ ಮತ್ತು ಬಿಯರ್ ಎಂಬವರು ಅದರ ಸಾರವನ್ನು ಇಲಿಗಳಿಗೆ ಕೊಟ್ಟರು. ಸಕ್ಕರೆ ಇಳಿಯಲಿಲ್ಲ, ಬಿಳಿಯ ರಕ್ತಕಣಗಳು ಇಳಿದುಹೋದುವು. ಅದರಿಂದ 1958ರಲ್ಲಿ ವಿನ್‌ಬ್ಲಾಸ್ಟೀನ್ ಹೊರಬಂದಿತು. ಇದೇ ಗಿಡವು ವಿನ್‌ಕ್ರಿಸ್ಟೀನನ್ನೂ ಕೊಟ್ಟಿತು. ಇವು ಕದಿರಿನ ನೂಲು ಕಟ್ಟದಂತೆ ಮಾಡುವುವು. ನೂಲಿಲ್ಲದೆ ಕೋಶವು ವಿಭಜನೆಯ ನಡುವೆಯೇ ಸಿಕ್ಕಿಕೊಂಡು ಸಾಯುವುದು. ಮಕ್ಕಳಿಗೆ ಬರುವ ಒಂದು ಬಗೆಯ ರಕ್ತದ ಅರ್ಬುದವು ಹಿಂದೆ ಮರಣದ ಓಲೆಯೇ ಆಗಿತ್ತು. ಇಂದು ಒಳ್ಳೆಯ ಚಿಕಿತ್ಸೆ ದೊರೆಯುವೆಡೆಗಳಲ್ಲಿ, ವಿನ್‌ಕ್ರಿಸ್ಟೀನೂ ಸೇರಿದ ಹಲವು ಔಷಧಗಳ ಬಲದಿಂದ, ಹತ್ತರಲ್ಲಿ ಎಂಟೊಂಬತ್ತು ಮಕ್ಕಳು ಬದುಕಿ ಉಳಿಯುವರು. ಆದರೆ ಇಂಥ ಔಷಧಗಳು ಒಳ್ಳೆಯ ಕೋಶ ಕೆಟ್ಟ ಕೋಶವೆಂಬ ಭೇದವನ್ನು ಚೆನ್ನಾಗಿ ಅರಿಯವು. ವೇಗವಾಗಿ ವಿಭಜಿಸುವ ಕೂದಲ ಬುಡದ ಕೋಶಗಳೂ ಪೆಟ್ಟು ತಿನ್ನುವುದರಿಂದಲೇ ರೋಗಿಯ ಕೂದಲು ಉದುರುವುದು. ಆದುದರಿಂದ ಈ ಗಿಡದ ಎಲೆಯನ್ನು ಮನೆಯಲ್ಲಿ ಅರೆದು ಕುಡಿಯುವುದು ಅಪಾಯಕರ. ಅದು ವಿಷವೂ ಹೌದು.

ಮೈಯಲ್ಲಿ ಕಾರಣ ತಿಳಿಯದ ಗಂಟು ಬೆಳೆದರೆ, ಬಹುದಿನವಾದರೂ ಹುಣ್ಣು ಮಾಯದಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸತಕ್ಕದ್ದು. ಒಂದು ಎರಡಾಗುವುದು, ಎರಡು ನಾಲ್ಕಾಗುವುದು ಎಂಬ ಲೆಕ್ಕವು ಮೊದಮೊದಲು ನಿಧಾನವಾಗಿ ಕಂಡರೂ ಆಮೇಲೆ ಬಹು ಬೇಗ ಏರುವಂಥದು. ಎರಡು ನಾಲ್ಕಾಗಿರುವಾಗಲೇ ತಡೆಯುವುದು ಲೇಸು.